ಹಂದಿಯಾದರೆ ಹಿಂದೆ ಎರಡು ಚುಕ್ಕಿ

ನಮ್ಮ ಕಡೆ ಬೆಳಿಗ್ಗೆ ಎದುರಾದವರು ಮೊದಲು ಕೇಳುವುದು, 'ರಾತ್ರಿ ಏನ್ ಬಂದಿತ್ತು?' ಅಂತ. ಬಂದದ್ದು ನೆಂಟರಲ್ಲ ಅನ್ನುವುದು ಕೇಳಿದವರಿಗೂ ಗೊತ್ತು, ಕೇಳಿಸಿಕೊಂಡವರಿಗೂ ಗೊತ್ತು. ಆನೆ ಅಂದರೆ ನಾಲ್ಕು ಜನ ಸೇರುತ್ತಾರೆ, ಹೊಲದವರೆಗೂ ಬಂದು ನೋಡುತ್ತಾರೆ. ಹಂದಿ ಅಂದರೆ ನಿಂತಲ್ಲೇ ಒಂದೆರಡು ಮಾತಾಡಿ ಬೈದು ಸಮಾಧಾನ ಹೇಳುತ್ತಾರೆ. ಜಿಂಕೆ ಅಂದರೆ 'ಹೂಂ' ಅಂದು ಗಾಡಿ ಸ್ಟಾರ್ಟ್ ಮಾಡಿಬಿಡುತ್ತಾರೆ. ಜಿಂಕೆಯಿಂದ ಆದ ನಷ್ಟಕ್ಕೆ ಮರ್ಯಾದೆ ಕಡಿಮೆ. ನಾನು ಮಾಡಿಕೊಂಡ ಎಡವಟ್ಟಿನ ಬೇರು ಇಲ್ಲೇ ಇದೆ.

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದು ಹಂಗಳಕ್ಕೆ ಬಂದು, ಅಲ್ಲಿಂದ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕಡೆ ಮುಖ ಮಾಡಿದರೆ, ಬಂಡೀಪುರದ ಕಾಡಂಚಿಗೆ ಅಂಟಿಕೊಂಡ ಹೊಲಗಳ ಸಾಲು ಸಿಗುತ್ತದೆ. ಅದರಲ್ಲಿ ಒಂದು ತುಂಡು ನಮ್ಮದು. ಮಳೆಗಾಲದಲ್ಲಿ ಈ ದಾರಿಯಲ್ಲಿ ಚೆಂಡುಹೂವು, ಸೂರ್ಯಕಾಂತಿ ನೋಡಲು ಕಾರುಗಳು ನಿಲ್ಲುತ್ತವೆ. ಫೋಟೋ ತೆಗೆಸಿಕೊಂಡವರು ಸಫಾರಿಗೆ ಹೋಗುತ್ತಾರೆ. ಅಲ್ಲಿ ಜಿಂಕೆ ಕಂಡರೆ ಐದು ನಿಮಿಷ ಖುಷಿ, ಆಮೇಲೆ 'ಹುಲಿ ಎಲ್ಲಿ?' 2022ರ ಗಣತಿಯ ಲೆಕ್ಕದಲ್ಲಿ ಬಂಡೀಪುರದಲ್ಲಿ 150 ಹುಲಿ. ಒಂದು ಹುಲಿಗೆ ವರ್ಷಕ್ಕೆ ಜಿಂಕೆಯಂಥ ಪ್ರಾಣಿ ಸುಮಾರು 50 ಬೇಕು ಅನ್ನುತ್ತಾರೆ ಬಲ್ಲವರು. ಹುಲಿ ಇಷ್ಟಿದ್ದರೆ ಜಿಂಕೆ ಎಷ್ಟಿರಬೇಕು ಅಂತ ನೀವೇ ಗುಣಿಸಿಕೊಳ್ಳಿ. ಅಷ್ಟರಲ್ಲಿ ನಾಲ್ಕು ಬೇಲಿ ದಾಟಿ ನಮ್ಮ ಹೊಲಕ್ಕೆ ಬಂದರೆ ಆಶ್ಚರ್ಯವೇನೂ ಇಲ್ಲ.

ನನ್ನ ಅಜ್ಜನ ಕಾಲದಲ್ಲಿ ಇದು ಮೈಸೂರು ಮಹಾರಾಜರ ಶಿಕಾರಿಯ ಕಾಡು. ಪ್ರಾಣಿ ಎಲ್ಲಿದೆ ಅಂತ ಆಗ ಹೆಜ್ಜೆ ನೋಡಿ ಹೇಳುತ್ತಿದ್ದದ್ದು ಕೋವಿಯವರಿಗೆ. 1972ರ ಕಾನೂನು ಬಂದು ಬೇಟೆ ನಿಂತಿತು, ಮರುವರ್ಷ ಹುಲಿ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದಾಯಿತು. ಹೆಜ್ಜೆ ನೋಡುವ ಕೆಲಸ ಮಾತ್ರ ನಿಲ್ಲಲಿಲ್ಲ. ಈಗ ನೋಡುವುದು ಬೇಲಿ ಎಲ್ಲಿ ಸೋರುತ್ತಿದೆ ಅಂತ ತಿಳಿಯಲು. ಜಿಂಕೆಗೆ ಹಾರುವ ಕಾಲಿದ್ದರೂ ತಂತಿಯ ಅಡಿಯಲ್ಲಿ ನುಸುಳುವುದರಲ್ಲೇ ಅದಕ್ಕೆ ಇಷ್ಟ. ನುಸುಳಿದ ಜಾಗ ಸಿಕ್ಕರೆ ಮುಳ್ಳು ಒತ್ತಬಹುದು, ಕಲ್ಲು ಇಡಬಹುದು. ಸಿಗದಿದ್ದರೆ ರಾತ್ರಿಯಿಡೀ ಅಟ್ಟಣೆಯ ಮೇಲೆ ಡಬ್ಬ ಬಡಿಯಬೇಕು. ನಮ್ಮಪ್ಪ ಆಯುಷ್ಯದ ಅರ್ಧ ರಾತ್ರಿಗಳನ್ನು ಹಾಗೆ ಕಳೆದವರು. ನನಗೆ ನಿದ್ದೆ ಬೇಕು. ಅದಕ್ಕೇ ಹೆಜ್ಜೆ ನೋಡುವುದು ಕಲಿತೆ.

ಕಲಿತದ್ದು ಎಲ್ಲಿ ಅಂದರೆ, 2018ರ ಗಣತಿಯ ಹೊತ್ತಿಗೆ ಸ್ವಯಂಸೇವಕನಾಗಿ ಹೋಗಿದ್ದೆ. ಕಾಡಿನೊಳಗೆ ಎರಡು ಕಿಲೋಮೀಟರಿನ ನೇರ ಗೆರೆಯಲ್ಲಿ ಬೆಳಿಗ್ಗೆ ನಡೆಯಬೇಕು. ಜಿಂಕೆ, ಕಡವೆ, ಕಾಟಿ ಏನು ಕಂಡಿತು, ಎಷ್ಟು ಕಂಡಿತು, ಎಷ್ಟು ದೂರದಲ್ಲಿ, ಯಾವ ದಿಕ್ಕಿಗೆ ಎಂದು ಬರೆದುಕೊಳ್ಳಬೇಕು. ಆಮೇಲೆ ಹಿಕ್ಕೆ ಎಣಿಸುವುದು. ಜೊತೆಗಿದ್ದ ಸೋಲಿಗರ ವಾಚರ್ ಒಬ್ಬರು ನನಗೆ ಗುರು. ಪೊದೆಯೊಳಗೆ ಏನೋ ಸರಿದಾಡಿತು, ಇನ್ನೆರಡು ಜಿಂಕೆ ಇರಬೇಕು ಅಂತ ನಾನು ಪೆನ್ನು ಎತ್ತಿದರೆ, 'ಕಂಡಿದ್ರೆ ಬರೀರಿ, ಇರ್ಬೇಕು ಅನ್ನದು ಬ್ಯಾಡ' ಅನ್ನುತ್ತಿದ್ದರು. ಊರಿಗೆ ಬಂದ ಮೇಲೆ ಆ ಮಾತನ್ನು ನನ್ನದೇ ಮಾತು ಅನ್ನುವ ಹಾಗೆ ಹತ್ತಾರು ಜನರ ಮುಂದೆ ಹೇಳಿದ್ದೇನೆ.

ಮಗಳು ಒಂದನೇ ತರಗತಿಗೆ ಸೇರಿದ ವರ್ಷ ಅವಳನ್ನೂ ಈ ಕೆಲಸಕ್ಕೆ ಹಚ್ಚಿದೆ. ಹೆಂಡತಿ ಎರಡು ಷರತ್ತು ಹಾಕಿದಳು. ಬಿಸಿಲು ಚೆನ್ನಾಗಿ ಬಿದ್ದ ಮೇಲೆಯೇ ಹೋಗಬೇಕು, ನಮ್ಮ ಬೇಲಿಯಿಂದ ಆಚೆ ಕಾಲಿಡಕೂಡದು. ಒಪ್ಪಿಕೊಂಡೆ. ಮೊಬೈಲಿನಿಂದ ಅವಳ ಕಣ್ಣು ಬಿಡಿಸುವುದಕ್ಕೆ, ಮಣ್ಣು ಪರಿಚಯ ಮಾಡಿಸುವುದಕ್ಕೆ ಎಂದೆಲ್ಲ ಮನೆಯಲ್ಲಿ ಭಾಷಣ ಮಾಡಿದ್ದೆ. ನಿಜ ಹೇಳಬೇಕೆಂದರೆ, ನನಗೆ ಗೊತ್ತಿರುವುದನ್ನು ಬಾಯಿ ಬಿಟ್ಟು ಕೇಳುವವರು ಮನೆಯಲ್ಲಿ ಅವಳೊಬ್ಬಳೇ ಉಳಿದಿದ್ದಳು.

ಕೆಲಸ ಹಂಚಿಕೊಂಡೆವು. ಸಾಯಂಕಾಲ ಸ್ಕೂಲಿನಿಂದ ಬಂದ ಮೇಲೆ ಬೇಲಿಯ ಸಂದುಗಳ ಹತ್ತಿರ ಸೊಪ್ಪಿನ ಕೊಂಬೆಯಿಂದ ಮಣ್ಣು ಸವರಿ ನುಣ್ಣಗೆ ಮಾಡುವುದು ಅವಳ ಪಾಲು. ಬೆಳಿಗ್ಗೆ ಅದರ ಮೇಲೆ ಏನು ಮೂಡಿದೆ ಅಂತ ಇಬ್ಬರೂ ನೋಡುವುದು. ಹೆಜ್ಜೆ ಇದ್ದ ಕಡೆ ಅವಳು ಅಜ್ಜಿಯ ಹಳೆ ಸೀರೆಯ ಚೂರು ಕಟ್ಟುವುದು, ನಾನು ಮುಳ್ಳು ತರುವುದು. ಹಿಕ್ಕೆ ಕಂಡರೆ ಕಡ್ಡಿಯಲ್ಲಿ ಒಡೆದು ಹಸಿಯೋ ಒಣಗಿದ್ದೋ ಹೇಳುವುದೂ ಅವಳದೇ. ಅದು ಅವಳಿಗೆ ಎಲ್ಲಕ್ಕಿಂತ ಪ್ರಿಯವಾದ ಕೆಲಸ. ಅವರಮ್ಮನಿಗೆ ಅಷ್ಟೇ ಅಪ್ರಿಯ.

ಪಾಠವನ್ನೂ ಮಾಡಿದೆ. ಜಿಂಕೆಯ ಗೊರಸು ಸಣ್ಣದು, ಮುಂದೆ ಚೂಪು. ಕಡವೆಯದು ಅದೇ ಆಕಾರ, ಗಾತ್ರ ದೊಡ್ಡದು. ಮೇಕೆಯದು ಜಿಂಕೆಯದರ ಹಾಗೇ ಕಂಡರೂ ತುದಿ ಮೊಂಡು. ಹಂದಿಯದಕ್ಕೆ ಹಿಂದೆ ಅಗಲವಾಗಿ ಎರಡು ಚುಕ್ಕಿ ಬೀಳುತ್ತವೆ, ಅದು ಹಿಂಗೊರಸು. ಜಿಂಕೆಗೂ ಹಿಂಗೊರಸು ಉಂಟು, ಆದರೆ ಮೇಲಿರುವುದರಿಂದ ಕೆಸರಲ್ಲಿ ಹೂತಾಗಲೋ ಓಡಿದಾಗಲೋ ಮಾತ್ರ ನೆಲಕ್ಕೆ ತಾಗುತ್ತದೆ. ಅವಳು ಅದನ್ನು ಪದ್ಯದ ಹಾಗೆ ಬಾಯಿಪಾಠ ಮಾಡಿಕೊಂಡಳು. ಎಲ್ಲಕ್ಕಿಂತ ಮುಖ್ಯವಾದ ಪಾಠ ಒಂದಿತ್ತು: ಮಾತಾಡಬಾರದು. ಹೊಲಕ್ಕೆ ಇಳಿದ ಮೇಲೆ ಬಾಯಿಯ ಮೇಲೆ ಬೆರಳು. ಗದ್ದಲ ಮಾಡಿದರೆ ಬದುವಿನಾಚೆ ನಿಂತ ಜಿಂಕೆ ಕಣ್ಣಿಗೆ ಬೀಳುವ ಮುಂಚೆ ಓಡಿಹೋಗುತ್ತದೆ ಅಂತ. ಸದಾ ಪಟಪಟ ಅನ್ನುವ ಹುಡುಗಿ ಇದೊಂದನ್ನು ಹೇಗೆ ಪಾಲಿಸಿದಳೋ ನನಗೆ ಈಗಲೂ ಸೋಜಿಗ.

ಆ ವರ್ಷ ಮೇಲಿನ ತುಂಡಿಗೆ ರಾಗಿ, ಮನೆ ಕಡೆಯ ತುಂಡಿಗೆ ಅವರೆ ಹಾಕಿದ್ದೆ. ರಾಗಿಯ ಕಡೆ ಜಿಂಕೆ ಬರುತ್ತಿದ್ದದ್ದು ದಿಟ, ಒಮ್ಮೆ ಕಣ್ಣಾರೆ ನೋಡಿಯೂ ಇದ್ದೆವು. ಅವರೆ ಹೂ ಬಿಡುವ ಹೊತ್ತಿಗೆ ಅದರ ಚಿಗುರೂ ಹೋಗತೊಡಗಿತು. ಸವರಿದ ಮಣ್ಣಿನ ಮೇಲೆ ಸೀಳು ಗೊರಸಿನ ಹೆಜ್ಜೆ. 'ನೋಡು, ಇಲ್ಲಿಗೂ ಬಂದಿದೆ' ಅಂದೆ. ಮಗಳು ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿ, ಪಿಸುದನಿಯಲ್ಲಿ, 'ಅಪ್ಪ, ಇದು ಕುಂಟಿ ಕಾಲು' ಅಂದಳು. ಕುಂಟಿ ಅಂದರೆ ನಮ್ಮವ್ವನ ಮೇಕೆಗಳಲ್ಲಿ ಒಂದು. ಮುಂಗಾಲಿನ ಗೊರಸು ಅಡ್ಡಾದಿಡ್ಡಿ ಬೆಳೆದು ಒಂದು ಕಡೆ ವಾಲಿಕೊಂಡಿತ್ತು. ನಾನು ನಕ್ಕು, 'ಮೇಕೆ ರಾತ್ರಿ ಕೊಟ್ಟಿಗೆಲಿ ಇರ್ತವೆ ಕೂಸೆ. ಇದು ಹೆಣ್ಣು ಜಿಂಕೆ, ವಯಸ್ಸಾದದ್ದು' ಅಂದೆ. ವಯಸ್ಸು ಎಲ್ಲಿಂದ ಬಂತೋ ದೇವರೇ ಬಲ್ಲ. ಮಕ್ಕಳ ಮುಂದೆ ಗೊತ್ತಿಲ್ಲ ಅನ್ನುವುದಕ್ಕೆ ಬಾಯಿ ಬರುವುದಿಲ್ಲ ನೋಡಿ, ಅದರ ಬದಲು ವಿವರ ಬರುತ್ತದೆ. ಆಮೇಲೂ ಒಂದೆರಡು ಸಲ ಅವಳು ಕುಂಟಿಯ ಹೆಸರು ಎತ್ತಿದಳು. ನಾನು ಬಾಯಿಯ ಮೇಲೆ ಬೆರಳಿಟ್ಟೆ.

ಈಗ ಯೋಚಿಸಿದರೆ ಲೆಕ್ಕ ಬಹಳ ಸುಲಭದ್ದು. ಅವಳು ಮಣ್ಣು ಸವರುತ್ತಿದ್ದದ್ದು ನಾಲ್ಕು ಗಂಟೆಗೆ. ನಮ್ಮವ್ವ ಮೇಕೆ ಹೊಡೆದುಕೊಂಡು ಬರುತ್ತಿದ್ದದ್ದು ಹೊತ್ತು ಮುಳುಗುವಾಗ. ಮನೆ ಸಮೀಪಿಸಿದ ಮೇಲೆ ಅವ್ವ ಮುಂದೆ, ಮೇಕೆ ಹಿಂದೆ. ಹಿಂದಿನವು ಸಂದಿನಲ್ಲಿ ನುಗ್ಗಿ ಅವರೆಗೆ ಬಾಯಿ ಹಾಕಿ ಬರಲು ಎಷ್ಟು ಹೊತ್ತು? ನಾನು ಆ ಹೊತ್ತಿಗೆ ಹಂಗಳದ ಸರ್ಕಲ್ಲಿನಲ್ಲಿ ಟೀ ಕುಡಿಯುತ್ತಾ, ಜಿಂಕೆ ಹೆಜ್ಜೆ ಗುರುತಿಸುವುದು ಹೇಗೆ ಅಂತ ಯಾರಿಗೋ ಹೇಳುತ್ತಿದ್ದೆ.

ಅವರೆ ಹೋದದ್ದಕ್ಕೆ ಹೊಟ್ಟೆ ಉರಿಯಿತು. ಬೆಳೆಹಾನಿ ಪರಿಹಾರಕ್ಕೆ ಅರ್ಜಿ ಹಾಕಿದೆ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕು, ಫೋಟೋ ಎಲ್ಲ ಜೋಡಿಸಿ, ಯಾವ ಪ್ರಾಣಿ ಅನ್ನುವ ಜಾಗಕ್ಕೆ ಬಂದಾಗ 'ಜಿಂಕೆ' ಅಂತ ಬರೆದು ಪೆನ್ನು ನಿಂತಿತು. ಬರೀ ಜಿಂಕೆ ಅಂದರೆ ಯಾರು ಕೇಳುತ್ತಾರೆ? 'ಮತ್ತು ಕಾಡುಹಂದಿ' ಅಂತ ಸೇರಿಸಿದೆ. ಕೈ ನಡುಗಲಿಲ್ಲ, ಏನೂ ಆಗಲಿಲ್ಲ. ಅಕ್ಕಪಕ್ಕದ ಹೊಲಗಳಿಗೆ ಹಂದಿ ಬರುತ್ತಿತ್ತಲ್ಲ, ನಮ್ಮ ಹೊಲಕ್ಕೂ ಬಂದಿರಬಹುದು ಅಂತ ಮನಸ್ಸು ತಾನೇ ಒಂದು ಮಹಜರು ಬರೆದು ರುಜು ಹಾಕಿಕೊಂಡಿತು. ಇರಬೇಕು ಅನ್ನುವುದು ಬೇಡ ಅಂದಿದ್ದ ಗುರುವಿನ ನೆನಪು ಆ ಗಳಿಗೆಯಲ್ಲಿ ಹತ್ತಿರ ಸುಳಿಯಲಿಲ್ಲ.

ಸ್ಥಳ ಪರಿಶೀಲನೆಗೆ ಇಬ್ಬರು ಬಂದರು. ಭಾನುವಾರವಾದ್ದರಿಂದ ಮಗಳು ಮನೆಯಲ್ಲಿದ್ದಳು. ಪಕ್ಕದ ಹೊಲದವರೂ ಬಂದು ನಿಂತರು. ಬಂದವರಲ್ಲಿ ಹಿರಿಯರು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾ, ಬೇಲಿಗೆ ಕಟ್ಟಿದ ಸೀರೆ ಚೂರು ನೋಡಿ, 'ಇದೇನಿದು?' ಅಂದರು. ನನ್ನ ಎದೆ ಉಬ್ಬಿತು. 'ನಮ್ಮ ಹುಡುಗಿ ಕೆಲಸ ಸಾರ್. ಹೆಜ್ಜೆ ಗುರುತು ಹಿಡೀತಾಳೆ' ಅಂದೆ. ಸುಮ್ಮನಿದ್ದವನು ಸುಮ್ಮನಿರಬಾರದಿತ್ತೆ!

'ಹೌದೇನವ್ವಾ? ಹಂಗಾದ್ರೆ ಹಂದಿ ಎಲ್ಲಿಂದ ನುಗ್ತು ತೋರ್ಸು' ಅಂದರು ಅವರು.

ಅವಳು ನನ್ನ ಮುಖ ನೋಡಿದಳು. ಮಾತಾಡಬಹುದಾ ಅಂತ. ನಾನು ತಲೆಯಾಡಿಸಿದೆ. 'ಹಂದಿ ಬಂದಿಲ್ಲ ಸಾರ್' ಅಂದಳು. 'ಹಂದಿಯಾದರೆ ಹಿಂದೆ ಎರಡು ಚುಕ್ಕಿ ಬೀಳ್ತವೆ. ಇಲ್ಲಿ ಎಲ್ಲೂ ಇಲ್ಲ.' ಎರಡು ಬೆರಳು ಅಗಲಿಸಿ ಮಣ್ಣಿನ ಮೇಲೆ ಒತ್ತಿಯೂ ತೋರಿಸಿದಳು. ನಾನು ತೋರಿಸಿಕೊಟ್ಟಿದ್ದ ಹಾಗೆಯೇ, ಒಂದು ಕೂದಲು ಆಚೆ ಈಚೆ ಇಲ್ಲದೆ.

'ಮತ್ತೆ ಅವರೆ ಯಾರ್ ತಿಂದ್ರು?'

'ಅದು ಅಜ್ಜಿ ಮೇಕೆ. ಇದು ಕುಂಟಿ ಕಾಲು. ಜಿಂಕೆ ಬಂದಿರದು ಆ ಕಡೆ, ರಾಗಿಗೆ.'

ಅವಳ ದನಿಯಲ್ಲಿ ದೂರು ಇರಲಿಲ್ಲ. ಪರೀಕ್ಷೆಯಲ್ಲಿ ಗೊತ್ತಿರುವ ಪ್ರಶ್ನೆ ಬಂದಾಗಿನ ಸಂತೋಷ ಇತ್ತು. ನನ್ನ ಬಾಯಿಂದ ಹೊರಟದ್ದು ಒಂದೇ ಮಾತು: 'ಸುಮ್ನಿರು.' ಅದು ಜೋರಾಗಿ ಬಂತು. ಇಷ್ಟು ದಿನ ಜಿಂಕೆ ಓಡಿಹೋಗದಿರಲಿ ಅಂತ ಬೆರಳಿಟ್ಟು ಹೇಳುತ್ತಿದ್ದದ್ದು, ಈಗ ನನ್ನ ಮಾನ ಓಡಿಹೋಗದಿರಲಿ ಅಂತ ಗದರಿ ಹೇಳಿದೆ. ಎರಡಕ್ಕೂ ಇರುವ ವ್ಯತ್ಯಾಸ ಆರು ವರ್ಷದವಳಿಗೆ ನನಗಿಂತ ಬೇಗ ತಿಳಿಯಿತು ಅಂತ ಕಾಣುತ್ತದೆ. ಅವಳು ಕೈಯ ಮಣ್ಣನ್ನು ಲಂಗಕ್ಕೆ ಒರೆಸಿಕೊಂಡು ನಿಂತಳು.

ಪಕ್ಕದ ಹೊಲದವರು ಕೆಮ್ಮಿದರು. ಕೆಮ್ಮು ಬಂದಿರಲಿಲ್ಲ ಅಂತ ನನಗೆ ಗೊತ್ತು. ಅಷ್ಟು ದೂರದಲ್ಲಿ ಹುಣಸೇ ಮರದ ಕೆಳಗೆ ಕೂತಿದ್ದ ನಮ್ಮವ್ವ, 'ನಾ ಏನ್ ಮಾಡ್ಲಿ ಕನಪ್ಪ, ಮೇಕೆ ಹಿಂದುಕ್ ನಿಂತಾವ ಅಂತ ನಂಗೇನ್ ಬೆನ್ನಲ್ಲಿ ಕಣ್ಣಿದ್ದದ?' ಅಂತ ಇನ್ನೊಂದಿಷ್ಟು ಉಪ್ಪು ಸವರಿದಳು. ಬಂದಿದ್ದ ಹಿರಿಯರು ಒಳ್ಳೆಯವರು. ನಗಲಿಲ್ಲ. ಮೊಬೈಲು ಜೇಬಿಗಿಟ್ಟು, 'ನಡೀರಿ, ರಾಗಿ ಕಡೆ ನೋಡನ' ಅಂದರು. ರಾಗಿಯಲ್ಲಿ ಆಗಿದ್ದಷ್ಟನ್ನು ಬರೆದುಕೊಂಡರು. ಹಂದಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೊರಡುವಾಗ ಮಗಳ ತಲೆ ಸವರಿ, 'ಇಸ್ಕೂಲ್ ಚೆನ್ನಾಗಿ ಓದವ್ವ' ಅಂದರು. ಬೈದಿದ್ದರೆ ಹಗುರವಾಗುತ್ತಿತ್ತು.

ಊರಲ್ಲಿ ಸುದ್ದಿಗೆ ಕಾಲು ಬೇಕಾಗಿಲ್ಲ. ಮಾರನೇ ದಿನ ಸರ್ಕಲ್ಲಿನಲ್ಲಿ ಟೀ ಕೊಡುವವನೇ, 'ಏನಣ್ಣ, ರಾತ್ರಿ ಏನ್ ಬಂದಿತ್ತು? ಹಂದಿನಾ, ಕುಂಟಿನಾ?' ಅಂದ. ಕೆಲವು ವಾರ ಅದೇ ನಡೆಯಿತು. ನಕ್ಕು ನುಂಗಿಕೊಂಡೆ. ಇಂಥ ಅವಮಾನ ಒಂದು ಮಳೆಗಾಲದೊಳಗೆ ತೊಳೆದುಹೋಗುತ್ತದೆ, ಇನ್ನೊಬ್ಬ ಯಾರೋ ಇನ್ನೇನೋ ಮಾಡಿಕೊಂಡಿರುತ್ತಾನೆ.

ತೊಳೆದುಹೋಗದೆ ಉಳಿದದ್ದು ಬೇರೆ. ಆ ಘಟನೆಯ ನಂತರವೂ ಮಗಳು ಬೆಳಿಗ್ಗೆ ನನ್ನ ಜೊತೆ ಬಂದಳು. ಕರೆದರೆ ಬರುತ್ತಿದ್ದಳು, ಕೊಂಬೆ ಹಿಡಿ ಅಂದರೆ ಹಿಡಿಯುತ್ತಿದ್ದಳು. ಕುಕ್ಕರಗಾಲಲ್ಲಿ ಕೂತು ನೋಡುವುದು ಮಾತ್ರ ನಿಂತಿತ್ತು. ಒಂದು ದಿನ ರಾಗಿ ಕೂಳೆಯ ಹತ್ತಿರ ಅಚ್ಚೊತ್ತಿದ ಹಾಗೆ ಸ್ಪಷ್ಟವಾದ ಹೆಜ್ಜೆ ಇತ್ತು, ಯಾರು ನೋಡಿದರೂ ಕಡವೆ. 'ಇದು ಯಾವುದು ಹೇಳು ನೋಡನ' ಅಂದೆ. ಅವಳು ಹೆಜ್ಜೆ ನೋಡಲಿಲ್ಲ, ನನ್ನ ಮುಖ ನೋಡಿದಳು. ನೋಡಿ, 'ನೀನು ಯಾವುದು ಅಂತೀಯೋ ಅದು' ಅಂದಳು.

ಆ ಮಾತಿನಲ್ಲಿ ಮುನಿಸಿದ್ದರೆ ರಮಿಸಬಹುದಿತ್ತು. ಇರಲಿಲ್ಲ. ಅವಳು ಒಂದು ನಿಯಮ ಕಲಿತುಕೊಂಡಿದ್ದಳು, ಅಷ್ಟೇ. ಹೆಜ್ಜೆ ಯಾವುದು ಅಂತ ನೆಲ ಹೇಳುವುದಿಲ್ಲ, ಅಪ್ಪ ಹೇಳುತ್ತಾನೆ. ಹಿಂಗೊರಸಿನ ಪಾಠ ಅವಳು ಒಂದು ದಿನದಲ್ಲಿ ಕಲಿತಿದ್ದಳು. ಇದನ್ನು ಕಲಿಯಲು ಒಂದು ಗಳಿಗೆ ಸಾಕಾಯಿತು. ನಾನು ಅಷ್ಟು ಚೆನ್ನಾಗಿ ಇನ್ನಾವ ಪಾಠವನ್ನೂ ಹೇಳಿಕೊಟ್ಟಿರಲಿಲ್ಲ.

ಆಮೇಲಿನ ದಿನಗಳಲ್ಲಿ ಇದನ್ನು ಬಹಳ ಮಗುಚಿ ನೋಡಿದ್ದೇನೆ. ಸುಳ್ಳು ಬರೆಯುವಾಗ ನಾನು ಹಂದಿಗೇನು ನಷ್ಟ, ಕಾಡಿಗೇನು ನಷ್ಟ ಅಂದುಕೊಂಡಿದ್ದೆ. ಕಾಡಂಚಿನಲ್ಲಿ ಬದುಕುವವರಿಗೆ ಇದೊಂದು ಅನುಕೂಲ ಇದೆ. ಬೀಜ ಹುಟ್ಟದಿದ್ದರೂ, ನೀರು ಹಾಯಿಸದಿದ್ದರೂ, ಅವ್ವನ ಮೇಕೆ ಮೇಯ್ದರೂ ಹೊರಿಸಲು ಕಾಡು ಪಕ್ಕದಲ್ಲೇ ಇರುತ್ತದೆ, ಅದು ಎದುರು ಮಾತಾಡುವುದಿಲ್ಲ. ಆದರೆ ಪಕ್ಕದ ಹೊಲದವರಿಗೆ ನಿಜವಾಗಿ ಹಂದಿ ನುಗ್ಗುತ್ತಿತ್ತು, ಮುಸುಕಿನ ಜೋಳ ಮಲಗಿಸಿ ಹೋಗುತ್ತಿತ್ತು. ನನ್ನ ಒಂದು ಸಾಲಿನಿಂದ ಮುಂದಿನ ಸಲ ಅವರ ಅರ್ಜಿಯನ್ನೂ ಯಾರಾದರೂ ಅನುಮಾನದಿಂದ ನೋಡಿದರೆ ತಪ್ಪು ಯಾರದು? ಅವರು ಅಂದು ಕೆಮ್ಮಿದ್ದು ನಗು ತಡೆಯಲು ಅಂತ ಬಹಳ ದಿನ ನಂಬಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ.

ಮಗಳ ವಿಷಯಕ್ಕೆ ಬಂದರೆ, ನನಗೆ ಬೇಕಾಗಿದ್ದದ್ದು ಕೊಂಬೆ ಹಿಡಿಯುವ, ಚೂರು ಕಟ್ಟುವ, ಹೇಳಿದ್ದಕ್ಕೆ ಹೂಂಗುಟ್ಟುವ ಪುಟ್ಟ ಕೈಯಾಳು. ಕೆಲಸ ಹಂಚಿಕೊಂಡೆ ಅಂತ ಹೇಳಿಕೊಂಡೆನಾದರೂ ಹಂಚಿದ್ದು ಮೈಯ ಕೆಲಸವನ್ನು ಮಾತ್ರ. ನೋಡುವುದು, ತೀರ್ಮಾನಿಸುವುದು ನನ್ನ ಹತ್ತಿರವೇ ಇತ್ತು. ಮಕ್ಕಳಿಗೆ ಹಾಗೆ ಅರ್ಧ ಕೊಡಲು ಬರುವುದಿಲ್ಲ. ನೋಡು ಅಂದರೆ ಅವರು ನಿಜವಾಗಿಯೇ ನೋಡುತ್ತಾರೆ, ಜಿಂಕೆಯನ್ನು ನೋಡಿದ ಕಣ್ಣಿನಲ್ಲೇ ಮೇಕೆಯನ್ನೂ ನೋಡುತ್ತಾರೆ, ಅಪ್ಪನನ್ನೂ ನೋಡುತ್ತಾರೆ. ಅದು ಬೇಡವಾದರೆ ಮನೆಯಲ್ಲೇ ಬಿಟ್ಟು ಹೋಗಬೇಕು.

ಸರಿಪಡಿಸಲು ದೊಡ್ಡ ಉಪಾಯವೇನೂ ಹೊಳೆಯಲಿಲ್ಲ. ಒಂದು ಸಂಜೆ ಅವಳೆದುರು ಕೂತು, 'ಅವತ್ತು ನೀ ಹೇಳಿದ್ದೇ ಸರಿ. ಹಂದಿ ಬಂದಿರ್ಲಿಲ್ಲ. ನಾನು ಸುಳ್ಳು ಬರೆದಿದ್ದೆ' ಅಂದೆ. 'ಗೊತ್ತು' ಅಂದಳು. ಕ್ಷಮೆ ಕೇಳಲು ತಯಾರು ಮಾಡಿಕೊಂಡಿದ್ದ ಉಳಿದ ಮಾತುಗಳಿಗೆ ಜಾಗವೇ ಇರಲಿಲ್ಲ. ಅವಳು ಹೋಂವರ್ಕಿಗೆ ಹೋದಳು.

ಒಂದು ಗೆರೆ ಹಾಕದ ನೋಟ್ ಬುಕ್ಕು ತಂದುಕೊಟ್ಟೆ. ಅದರಲ್ಲಿ ಬರೆಯುವ ಹಕ್ಕು ಅವಳದು. ಹೆಜ್ಜೆಯ ಹತ್ತಿರ ಮೊದಲು ಅವಳು ಹೇಳಬೇಕು, ಆಮೇಲೆ ನಾನು. ಇಬ್ಬರದೂ ಬೇರೆಯಾದರೆ ಎರಡನ್ನೂ ಬರೆಯಬೇಕು. ಬಹಳ ದಿನ ಪುಸ್ತಕ ಖಾಲಿಯೇ ಇತ್ತು. 'ಗೊತ್ತಿಲ್ಲಪ್ಪ' ಅಂದು ಮುಂದೆ ಹೋಗುತ್ತಿದ್ದಳು. ನಾನೂ ಕಲಿತೆ, ಗೊತ್ತಾಗದ ಕಡೆ 'ನಂಗೂ ಗೊತ್ತಾಗ್ತಿಲ್ಲ' ಅನ್ನಲು. ಮೊದಮೊದಲು ಹಲ್ಲು ಕಿತ್ತಷ್ಟು ನೋವಾಗುತ್ತಿತ್ತು, ಆಮೇಲೆ ಅಭ್ಯಾಸವಾಯಿತು. ನಾನು ಹಾಗೆ ಅಂದ ದಿನಗಳಲ್ಲೇ ಅವಳು ಮತ್ತೆ ಬಗ್ಗಿ ನೋಡತೊಡಗಿದ್ದು.

ಮಣ್ಣು ಸವರುವುದು ಈಗ ಮೇಕೆ ಕೊಟ್ಟಿಗೆ ಸೇರಿದ ಮೇಲೆ. ಅವರೆಯ ಕಡೆಯ ಸಂದು ಮುಚ್ಚಿದ್ದೇನೆ. ಅವ್ವ ಮಾತ್ರ ಈಗಲೂ ಮೇಕೆಯ ಮುಂದೆಯೇ ನಡೆಯುತ್ತಾಳೆ. ಮಗಳು ಮೂರನೇ ತರಗತಿ ಮುಗಿಸಿದಳು, ವಾದಕ್ಕೆ ನಿಂತರೆ ಬಿಡುವುದಿಲ್ಲ. ಹೋದ ವಾರ ಒಂದು ಹೆಜ್ಜೆಯನ್ನು ನಾನು ಜಿಂಕೆ ಅಂದೆ, ಅವಳು ಕಡವೆ ಮರಿ ಅಂದಳು. ಮರಿಯಾದರೆ ಪಕ್ಕದಲ್ಲಿ ತಾಯಿಯದೂ ಇರಬೇಕಲ್ಲ ಅಂದೆ. ಅಮ್ಮ ಬೇಲಿಯಾಚೆ ನಿಂತಿರಬಹುದು ಅಂದಳು. 'ಇರಬಹುದು ಅನ್ನೋದು ಬೇಡ, ಕಂಡಿದ್ರೆ ಬರಿ' ಅಂದೆ. 'ನೀನು ಹೇಳ್ತೀಯಾ ಅದನ್ನ!' ಅಂದಳು. ಉತ್ತರ ಹೊಳೆಯಲಿಲ್ಲ. ಅವಳು ತಪ್ಪು ಅಂತ ನನಗೆ ಮುಕ್ಕಾಲು ಪಾಲು ಖಾತ್ರಿ. ಪುಸ್ತಕದಲ್ಲಿ ಎರಡೂ ಇವೆ.